ಬದುಕಿ ಬಂದವರಿಗೆ ವೀರಗಲ್ಲಿಲ್ಲ

(ಹಾಸನದಲ್ಲಿ ಮಾಜಿ ಸೈನಿಕರ ಕುಟುಂಬಗಳು ಮತ್ತು ಎನ್‌ಸಿಸಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಬಹಳ ಜನ ಹಳ್ಳಿಯಿಂದ ಬಂದವರು. ಕೆರೆ ಏರಿಯ ಮೇಲೋ, ಈಶ್ವರನ ಗುಡಿ ಪಕ್ಕದಲ್ಲೋ ಒಂದಾದರೂ ವೀರಗಲ್ಲು ನೋಡಿರುತ್ತೀರಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿರುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಸತ್ತವನ ಕಥೆ ಅಲ್ಲಿಗೆ ಪೂರ್ತಿ. ಬೆಂಗಳೂರಿನ ಹಳೆಯ ಹೆಸರು ಸಿಗುವುದು ಕೂಡ ಬೇಗೂರಿನ ಒಂದು ವೀರಗಲ್ಲಿನಲ್ಲಿ. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನದು. ‘ಬೆಂಗಳೂರ ಕಾಳಗ’ದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ನಾನು ಕೇಳುವುದು ಇಷ್ಟೇ: ಆ ಕಾಳಗದಿಂದ ನಡೆದುಕೊಂಡು ಮನೆಗೆ ಬಂದವರೂ ಇದ್ದರಲ್ವಾ? ಅವರು ಆಮೇಲೆ ಹೇಗೆ ಬದುಕಿದರು? ಕಲ್ಲು ಅದನ್ನು ಹೇಳುವುದಿಲ್ಲ.

ಒಂದು ಕಲ್ಲು ಮಾತ್ರ ಸ್ವಲ್ಪ ಹೇಳುತ್ತದೆ. ಮದ್ದೂರು ಸೀಮೆಯ ಆತಕೂರಿನದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ತಕ್ಕೋಲ ಇರುವುದು ತಮಿಳುನಾಡಿನ ಅರಕ್ಕೋಣಂ ಹತ್ತಿರ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದನಂತೆ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಒಂದು ಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಇದನ್ನು ನಾಯಿಯ ಸ್ವಾಮಿನಿಷ್ಠೆಯ ಕಥೆ ಎಂದು ಶಾಲೆಯಲ್ಲಿ ಹೇಳುತ್ತಾರೆ. ನನಗೆ ಮಾತ್ರ ಮಣಲೇರನೇ ಕಾಣುತ್ತಾನೆ. ಅಷ್ಟು ದೊಡ್ಡ ಯುದ್ಧ ಮುಗಿಸಿ ಬಂದವನಿಗೆ ಒಂದು ನಾಯಿ ಬೇಕಾಯಿತು. ಯಾಕೆ ಎಂದು ಶಾಸನದಲ್ಲಿಲ್ಲ. ನಮ್ಮಂಥವರಿಗೆ ಅದನ್ನು ಊಹಿಸುವುದು ಕಷ್ಟವಲ್ಲ.

ನಾನು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದವನು. ಸೇನೆಯಲ್ಲಿ ನಮ್ಮನ್ನು ‘ತಂಬಿ’ ಎಂದು ಕರೆಯುತ್ತಾರೆ. ದಕ್ಷಿಣದ ಎಲ್ಲ ರಾಜ್ಯದ ಹುಡುಗರೂ ಅಲ್ಲಿರುತ್ತಾರೆ. ಹಾಸನದ ಹಳ್ಳಿಯಿಂದ ಹೋದ ನಾನು ಮೊದಲ ವರ್ಷದಲ್ಲೇ ತಮಿಳು ಕಲಿತೆ. ಬ್ಯಾರಕ್‌ನಲ್ಲಿ ಕಲಿತ ಆ ತಮಿಳು ಮುಂದೆ ನನಗೆ ಎಷ್ಟು ಭಾರವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಅಲ್ಲಿಯ ತಮಿಳರ ಸಮಸ್ಯೆ ಬಗೆಹರಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೇನೆ ಶಾಂತಿಪಾಲನಾ ಪಡೆ ಎಂಬ ಹೆಸರಿನಲ್ಲಿ ಶ್ರೀಲಂಕಾಕ್ಕೆ ಹೋಯಿತು. ಶುರುವಿನಲ್ಲಿ ಜಾಫ್ನಾದ ಜನ ಹೂವಿನ ಹಾರ ಹಾಕಿದರು. ಎಳನೀರು ಕೊಟ್ಟರು. ತಮಿಳರನ್ನು ಕಾಪಾಡುವುದಕ್ಕೆ ಬಂದವರು ಅಂತ. ಅಕ್ಟೋಬರ್ ಎರಡನೇ ವಾರಕ್ಕೆ ಅದೇ ಜಾಫ್ನಾದಲ್ಲಿ, ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ಯುದ್ಧ ಶುರುವಾಗಿತ್ತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಒಂದು ಪ್ಲಟೂನ್‌ನಲ್ಲಿ ಉಳಿದವನು ಒಬ್ಬನೇ, ಅವನೂ ಸೆರೆ ಸಿಕ್ಕಿದ. ನವೆಂಬರ್ 25ರಂದು ಸತ್ತ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಬಂತು. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ವಾಪಸ್ ಹೊರಟಿತು. ಅಷ್ಟರಲ್ಲಿ ನಮ್ಮ ಕಡೆ ಸುಮಾರು 1,200 ಜನ ಸತ್ತಿದ್ದರು.

ಈ ದಿನಾಂಕಗಳನ್ನು ಹೇಳುವುದಕ್ಕೆ ಕಾರಣವಿದೆ. ಜುಲೈ 26 ಎಂದರೆ ಕಾರ್ಗಿಲ್ ಎಂದು ಇಲ್ಲಿರುವ ಮಕ್ಕಳಿಗೂ ಗೊತ್ತು. ಡಿಸೆಂಬರ್ 16 ಎಂದರೆ 1971ರ ಗೆಲುವು. ಮಾರ್ಚ್ 24 ಎಂದರೆ ಯಾರಿಗೂ ಏನೂ ಅಲ್ಲ. ಆ ಕೊನೆಯ ತುಕಡಿ ಮದ್ರಾಸ್ ಬಂದರಿಗೆ ಬಂದಾಗ ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರನ್ನು ಕೊಂದ ಸೇನೆಯನ್ನು ಹೇಗೆ ಸ್ವಾಗತಿಸಲಿ ಎಂಬುದು ಅವರ ನಿಲುವು. ನಾನು ಅದಕ್ಕಿಂತ ಮುಂಚೆಯೇ ವಾಪಸ್ ಬಂದಿದ್ದೆ. ಸುದ್ದಿ ಓದಿದಾಗ ನನ್ನೊಳಗೆ ಎರಡು ಮಾತು ಒಟ್ಟಿಗೆ ಎದ್ದವು. ನಮ್ಮ ಹುಡುಗರು ಯಾರದೋ ಆದೇಶಕ್ಕೆ ಸತ್ತರಲ್ಲ, ಒಂದು ಹಾರಕ್ಕೂ ಯೋಗ್ಯರಲ್ಲವಾ ಎಂಬ ಸಿಟ್ಟು. ಇನ್ನೊಂದು, ಅಲ್ಲಿ ನಾನು ಕಂಡದ್ದರ ನೆನಪು. ಆ ಎರಡರಲ್ಲಿ ಒಂದನ್ನು ಸುಳ್ಳು ಎನ್ನುವುದಕ್ಕೆ ನನಗೆ ಇವತ್ತಿಗೂ ಆಗಿಲ್ಲ.

ಅಲ್ಲಿ ಕಂಡದ್ದು ಏನು? ನಮ್ಮದು ಸ್ಯಾಪರ್ ಕೆಲಸ, ಅಂದರೆ ಸೇನೆಯ ಎಂಜಿನಿಯರ್ ಪಡೆಯದು. ಬೆಳಗ್ಗೆ ಗಾಡಿಗಳು ಓಡುವ ಮುಂಚೆ ರಸ್ತೆ ನೋಡಬೇಕು. ನೆಲದಲ್ಲಿ ಹೂತ ಸ್ಫೋಟಕ, ಅಂದರೆ ಮೈನ್, ಹುಡುಕುವ ಡಿಟೆಕ್ಟರ್ ಹಿಡಿದು, ಪ್ರಾಡರ್ ಎಂಬ ಸಲಾಕೆಯಿಂದ ನೆಲ ಚುಚ್ಚಿ, ಒಂದೊಂದೇ ಹೆಜ್ಜೆ. ಎಲ್‌ಟಿಟಿಇ ಹುಡುಗರು ರಸ್ತೆ ಕೆಳಗೆ, ಅದರಲ್ಲೂ ಮೋರಿಯೊಳಗೆ, ಸ್ಫೋಟಕ ಇಟ್ಟು ತಂತಿಯನ್ನು ತಾಳೆತೋಪಿನ ತನಕ ಎಳೆದಿರುತ್ತಿದ್ದರು. ನಾವು ತಂತಿ ಹುಡುಕುತ್ತಿದ್ದೆವು. ಜಾಫ್ನಾ ಹತ್ತಿರದ ಚಾವಕಚ್ಚೇರಿ ಕಡೆ ಒಂದು ಮೋರಿಯಲ್ಲಿ ನನ್ನ ಜೊತೆಗಾರ ಹೋದ. ಸೇಲಂ ಕಡೆಯವನು. ನನಗೆ ತಮಿಳು ಕಲಿಸಿದವನು ಅವನೇ. ಅದರ ಬಗ್ಗೆ ಇಷ್ಟು ಸಾಕು.

ಇನ್ನೊಂದು ಸಂಗತಿ. ಅದೇ ಊರುಗಳಲ್ಲಿ ಮನೆ ಶೋಧನೆಗೆ ಹೋಗುತ್ತಿದ್ದೆವು. ಗುಂಡು ಹಾರಿಸುವವರಿಗೆ ಮರೆ ಸಿಗದಿರಲಿ ಎಂದು ಬೇಲಿ, ಗೋಡೆ ಕೆಡವುವ ಕೆಲಸವೂ ನಮ್ಮದೇ. ಜಾಫ್ನಾದಲ್ಲಿ ಮನೆ ಸುತ್ತ ತಾಳೆಗರಿಯ ಎತ್ತರದ ಬೇಲಿ ಕಟ್ಟುತ್ತಾರೆ. ಬಹಳ ಚೊಕ್ಕವಾಗಿರುತ್ತದೆ. ಒಂದು ಬೇಲಿ ಕೆಡವುವಾಗ ಒಬ್ಬ ಅಜ್ಜಿ ಬಂದು ನಿಂತರು. ಬೈಯಲಿಲ್ಲ. “ಕಾಪಾಡೋಕೆ ಬಂದೋರು ಅಂತ ನಿಮಗೆ ಹಾರ ಹಾಕಿದ್ವಲ್ಲಪ್ಪ. ನೀನು ಯಾವ ಊರಿನ ಮಗ?” ಅಂತ ಕೇಳಿದರು. ನಮ್ಮ ಪಾರ್ಟಿಯಲ್ಲಿದ್ದ ಉತ್ತರದ ಹುಡುಗರಿಗೆ ಅದು ಬರೀ ಸದ್ದು. ನನಗೆ ಒಂದೊಂದು ಮಾತೂ ಅರ್ಥವಾಯಿತು. ಅರ್ಥವಾಗದವನಂತೆ ಕೆಲಸ ಮುಂದುವರಿಸಿದೆ. ಆದೇಶ ಇತ್ತು. ಬೇಲಿ ಹಿಂದಿನಿಂದ ಗುಂಡು ಬಂದದ್ದೂ ಇತ್ತು. ಕೆಡವಿದ್ದು ತಪ್ಪು ಎಂದು ನಾನು ಇಲ್ಲಿ ಹೇಳುತ್ತಿಲ್ಲ. ಸರಿ ಎಂದು ಹೇಳುವುದಕ್ಕೂ ಬಾಯಿ ಬರುವುದಿಲ್ಲ.

1987ರ ದೀಪಾವಳಿ ದಿನ, ಅಕ್ಟೋಬರ್ 21ರಂದು, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಪಡೆಯ ಗುಂಡಿಗೆ ರೋಗಿಗಳು, ವೈದ್ಯರು, ನರ್ಸ್‌ಗಳು ಸತ್ತರು. ಒಳಗಿನಿಂದ ಗುಂಡು ಬಂತು ಎಂಬುದು ನಮ್ಮ ಕಡೆಯ ಮಾತು. ಅಲ್ಲಿಯವರು ಪ್ರತಿವರ್ಷ ಸತ್ತವರಿಗೆ ದೀಪ ಹಚ್ಚುತ್ತಾರೆ. ನಾನು ಆ ಜಾಗದಲ್ಲಿರಲಿಲ್ಲ. ಆದರೆ ಹಾಕಿಕೊಂಡಿದ್ದ ಬಟ್ಟೆ ಅದೇ ಬಟ್ಟೆ. ನಮ್ಮ ಮನೆಯಲ್ಲಿ ದೀಪಾವಳಿ ದಿನ ನಾನು ಯಾಕೆ ಸುಮ್ನೆ ಕೂತಿರುತ್ತೇನೆ ಎಂದು ಮಕ್ಕಳು ಕೇಳುತ್ತಿದ್ದರು. ಪಟಾಕಿ ಸದ್ದಿಗೆ ಅಂದುಕೊಂಡಿದ್ದರು. ಪಟಾಕಿ ನನಗೆ ಏನೂ ಮಾಡಲಿಲ್ಲ.

ನನ್ನನ್ನು ನಿಲ್ಲಿಸುತ್ತಿದ್ದದ್ದು ಮೋರಿ. ರಜೆಗೆ ಬಂದಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದರೆ, ಮೋರಿ ಬಂದ ಕೂಡಲೇ ಕಾಲು ನೆಲಕ್ಕೆ ಬರುತ್ತಿತ್ತು. ಟೆಲಿಫೋನಿನವರು ಕೇಬಲ್‌ಗೆ ರಸ್ತೆ ಅಗೆದು ಮಣ್ಣು ಮುಚ್ಚಿದ್ದರೆ, ಆ ಹಸಿ ಮಣ್ಣನ್ನು ದಾಟುವುದಕ್ಕೆ ಆಗುತ್ತಿರಲಿಲ್ಲ. ಗದ್ದೆಗೆ ಇಳಿದು ಸುತ್ತಿ ಹೋಗುತ್ತಿದ್ದೆ. ಊರವರು ನೋಡಿ ನಗಲಿಲ್ಲ, ಅಷ್ಟು ಒಳ್ಳೆಯವರು. ಏನೋ ಹರಕೆ ಇರಬೇಕು ಎಂದುಕೊಂಡರು.

ಇಷ್ಟು ಹೇಳಿದ ಮೇಲೆ ನೀವು ಅಂದುಕೊಳ್ಳಬಹುದು, ಇವರಿಗೆ ಯುದ್ಧ ಎಂದರೆ ಹೇಸಿಗೆ, ಬಿಟ್ಟು ಬಂದು ನೆಮ್ಮದಿಯಾಗಿದ್ದಾರೆ ಅಂತ. ಇಲ್ಲೇ ನಾನು ನಿಜವಾಗಿ ಹೇಳಬೇಕಾದದ್ದು ಇರುವುದು. ಮನೆಗೆ ಬಂದ ಮೇಲೆ ಅದು ನನಗೆ ಬೇಕಾಗಿತ್ತು. ಆ ರಸ್ತೆ ಬೇಕಾಗಿತ್ತು. ಬೆಳಗ್ಗೆ ಎದ್ದು, ಕಬ್ಬಿಣದ ಮಗ್ಗಿನಲ್ಲಿ ಸೇನೆಯ ಅಡುಗೆಮನೆ ಲಂಗರ್‌ನ ಸಿಹಿ ಚಹಾ ಕುಡಿದು, ಹತ್ತು ಜನ ಒಬ್ಬರ ಕಣ್ಣು ಇನ್ನೊಬ್ಬರಿಗೆ ಕೊಟ್ಟುಕೊಂಡು ಹೊರಡುತ್ತಿದ್ದೆವಲ್ಲ, ಅಷ್ಟು ಎಚ್ಚರವಾಗಿ ನಾನು ಮತ್ತೆ ಯಾವತ್ತೂ ಬದುಕಿಲ್ಲ. ಒಂದು ಸಲ ಶಾಲೆಗೆ ಹೋಗುವ ದಾರಿಯಲ್ಲಿ ಮೈನ್ ಸಿಕ್ಕಿತು. ತೆಗೆದೆವು. ಸ್ವಲ್ಪ ಹೊತ್ತಿಗೆ ಬಿಳಿ ಯೂನಿಫಾರ್ಮ್ ಹಾಕಿದ ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಹೋದರು. ಆ ಬೇಲಿ ಕೆಡವಿದ ಕೈಯೇ ಈ ಮೈನ್ ತೆಗೆದದ್ದು. ಅಲ್ಲಿ ನನ್ನ ಕೆಲಸಕ್ಕೆ ಏನು ಅರ್ಥ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ ನಿಂತೆ. ಜನ ಬಂದು ಚಲನ್ ಎಲ್ಲಿದೆ ಎಂದು ಕೇಳುತ್ತಿದ್ದರು. ಒಳ್ಳೆಯ ಕೆಲಸವೇ, ಸಂಬಳವೂ ಬರುತ್ತಿತ್ತು. ಸಂಜೆ ಮನೆಗೆ ಹೋಗುವಾಗ ಮಾತ್ರ, ಇವತ್ತು ನಾನು ಇರದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನಿಸುತ್ತಿತ್ತು.

ಸಿಪಾಯಿಯಾಗಿ ಸೇರಿದವನು ಮೂವತ್ತೈದು, ನಲವತ್ತಕ್ಕೆ ಮನೆಗೆ ಬರುತ್ತಾನೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಸರ್ಕಾರಿ ನೌಕರರಂತೆ ಅರವತ್ತಕ್ಕೆ ಅಂದುಕೊಳ್ಳುತ್ತಾರೆ. ಅರ್ಧ ಆಯಸ್ಸು ಬಾಕಿ ಇರುತ್ತದೆ. ಮಕ್ಕಳು ಪ್ರೈಮರಿ ಶಾಲೆಯಲ್ಲಿರುತ್ತಾರೆ. ಅಷ್ಟು ವರ್ಷ ಹೆಂಡತಿ ಒಬ್ಬಳೇ ಮನೆ, ಹೊಲ, ಸೊಸೈಟಿ ಸಾಲ ಎಲ್ಲ ನೋಡಿರುತ್ತಾಳೆ. ಇವನು ಬಂದು ಬೆಳಗ್ಗೆ ಐದಕ್ಕೆ ಎಲ್ಲರನ್ನೂ ಎಬ್ಬಿಸುತ್ತಾನೆ.

1999ರ ಬೇಸಿಗೆ, ಕಾರ್ಗಿಲ್ ಯುದ್ಧ, ನೆನಪಿದೆಯಾ, ದೊಡ್ಡವರಿಗೆ? ನಾನು ನಿವೃತ್ತನಾಗಿ ಹೆಚ್ಚು ದಿನವಾಗಿರಲಿಲ್ಲ. ಟಿವಿಯಲ್ಲಿ ದಿನವೂ ದ್ರಾಸ್, ತೋಲೋಲಿಂಗ್, ಟೈಗರ್ ಹಿಲ್. ಬೋಫೋರ್ಸ್ ಫಿರಂಗಿ ಗುಡುಗುವುದನ್ನು ದೇಶ ಮೊದಲ ಸಲ ಮನೆಯಲ್ಲಿ ಕೂತು ನೋಡಿತು. ಊರೂರಿಗೆ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಬಂದವು. ಆಗ ನಾನು ಏನು ಮಾಡಿದೆ ಗೊತ್ತಾ? ರೆಕಾರ್ಡ್ ಆಫೀಸಿಗೆ ಪತ್ರ ಬರೆದೆ. ಬೇಕಾದರೆ ನನ್ನನ್ನು ಕರೆಯಿರಿ, ಮೈನ್ ಕೆಲಸ ಗೊತ್ತಿದೆ ಅಂತ. ಮೋರಿ ದಾಟುವುದಕ್ಕೆ ಹೆದರುವವನು ಆ ಪತ್ರ ಬರೆದ. ನನ್ನ ಮನೆಯಾಕೆ ಅದನ್ನು ಓದಿ, “ನೀವು ರಾತ್ರಿ ನಿದ್ದೆಯಲ್ಲಿ ತಮಿಳು ಮಾತಾಡ್ತೀರಿ. ನನಗೆ ಒಂದೂ ಅರ್ಥ ಆಗಲ್ಲ. ಮತ್ತೆ ಹೋಗಿ ಇನ್ನೊಂದು ಭಾಷೆ ತರ್ತೀರಾ?” ಅಂದಳು. ಅಷ್ಟು ವರ್ಷ ಆ ವಿಷಯ ನನಗೆ ಹೇಳಿರಲಿಲ್ಲ.

ಪತ್ರ ಪೋಸ್ಟ್ ಮಾಡಿದೆ. ಅವಳೂ ತಡೆಯಲಿಲ್ಲ. ಸೇನೆ ಕರೆಯಲಿಲ್ಲ. ಕರೆಯದಿದ್ದದ್ದಕ್ಕೆ ಬೇಜಾರೂ ಆಯಿತು, ಉಸಿರೂ ಬಂತು.

ಕಾರ್ಗಿಲ್‌ನಲ್ಲಿದ್ದ ಒಬ್ಬ ಸ್ನೇಹಿತ ನನಗಿದ್ದಾನೆ. ಆರ್ಟಿಲರಿಯವನು, ಅಂದರೆ ಫಿರಂಗಿ ದಳದವನು. ಉತ್ತರ ಕರ್ನಾಟಕದಲ್ಲಿ ಕಬ್ಬು ಬೆಳೆಯುತ್ತಾನೆ. ಅವನನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟದ್ದಿದೆ. ಪ್ರತಿ ಜುಲೈ 26ಕ್ಕೆ ಶಾಲೆಗಳಿಂದ ಕರೆ ಬರುತ್ತದೆ. ಶಾಲು, ಹಾರ, ಪೇಟ. ನಮಗೆ ಅದು ಯಾವತ್ತೂ ಇಲ್ಲ. ಒಂದು ಸಲ ಅವನ ಜೊತೆ ಹೋಗಿದ್ದೆ. ಭಾಷಣ ಚೆನ್ನಾಗಿಯೇ ಮಾಡಿದ. ಕೊನೆಗೆ ಒಬ್ಬ ಹುಡುಗ ಎದ್ದು, “ಸರ್, ನೀವು ಎಷ್ಟು ಜನರನ್ನು ಕೊಂದ್ರಿ?” ಅಂತ ಕೇಳಿದ. ಮಗು, ಅದಕ್ಕೆ ಏನು ಗೊತ್ತು. ಮೇಷ್ಟ್ರೂ ನಗುತ್ತಾ ಕಾಯುತ್ತಿದ್ದರು. ಅವನು ಏನೋ ಹೇಳಿ ಕೂತ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದ: ನಾವು ಹೊಡೆದ ಗುಂಡು ಎಷ್ಟೋ ಮೈಲಿ ಆಚೆ ಬೀಳುತ್ತಿತ್ತು, ಅಲ್ಲಿ ಏನಾಯಿತು ಎಂದು ಕಣ್ಣಲ್ಲಿ ಕಂಡವನಲ್ಲ ನಾನು. ರಾತ್ರಿ ಮಲಗಿದಾಗ ಅದನ್ನೇ ಕಾಣುವುದಕ್ಕೆ ನೋಡುತ್ತೇನೆ. ಇದನ್ನು ವೇದಿಕೆ ಮೇಲೆ ಹೇಳಿದರೆ ಶಾಲು ಹಾಕಿದವರಿಗೆ ಬೇಜಾರಾಗುತ್ತದೆ.

ಅವತ್ತಿನಿಂದ ಹೊಟ್ಟೆಕಿಚ್ಚು ಹೋಯಿತು. ನನ್ನ ಯುದ್ಧದ ಬಗ್ಗೆ ಕೇಳುವವರಿಲ್ಲ. ಅವನ ಯುದ್ಧದ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದರೆ ಅವರು ಮೊದಲೇ ಬರೆದಿಟ್ಟ ಉತ್ತರವನ್ನೇ ಅವನು ಹೇಳಬೇಕು. ಇಬ್ಬರ ಬಾಯಿಗೂ ಬೀಗ ಬಿದ್ದಿದೆ. ಅವನ ಬೀಗಕ್ಕೆ ಹೂವಿನ ಹಾರ ಹಾಕಿದ್ದಾರೆ, ಅಷ್ಟೇ.

ಅಮೆರಿಕದವರ ವಿಷಯ ಸ್ವಲ್ಪ ಹೇಳುತ್ತೇನೆ. ವಿಯೆಟ್ನಾಂನಿಂದ ವಾಪಸ್ ಬಂದವರನ್ನೂ ಅವರ ದೇಶ ಸರಿಯಾಗಿ ಬರಮಾಡಿಕೊಳ್ಳಲಿಲ್ಲ. ಆದರೆ ಆ ಸೈನಿಕರು ಸುಮ್ಮನಿರಲಿಲ್ಲ. ತಾವೇ ಗುಂಪು ಗುಂಪಾಗಿ ಕೂತು ಮಾತಾಡಿದರು. ಮನಸ್ಸಿನ ವೈದ್ಯರನ್ನು ಕರೆದು ಕೂರಿಸಿಕೊಂಡರು. ಅದರ ಒತ್ತಡದಿಂದಲೇ 1980ರಲ್ಲಿ ಅಲ್ಲಿಯ ಮನೋವೈದ್ಯರ ಸಂಘ, ಆಘಾತ ಕಂಡವರನ್ನು ಆಮೇಲೂ ಕಾಡುವ ಪಿಟಿಎಸ್‌ಡಿ ಎಂಬುದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. 1982ರಲ್ಲಿ ವಾಷಿಂಗ್ಟನ್‌ನಲ್ಲಿ ಸತ್ತವರ ಹೆಸರು ಕೆತ್ತಿದ ಕಪ್ಪು ಗೋಡೆ ಎದ್ದಿತು. ನಮ್ಮ ಪಡೆಯಲ್ಲಿ ಸತ್ತವರ ಹೆಸರುಗಳೂ ಕಪ್ಪು ಕಲ್ಲಿನ ಮೇಲಿವೆ, ಶ್ರೀಲಂಕಾದಲ್ಲಿ, ಅಲ್ಲಿಯ ಪಾರ್ಲಿಮೆಂಟ್ ಇರುವ ಕೋಟ್ಟೆಯಲ್ಲಿ. ಕಾದಾಡಿದ ನೆಲದವರೇ ಕಟ್ಟಿಸಿದ್ದು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಆದದ್ದು 2019ರಲ್ಲಿ.

ಆ ಕಾಯಿಲೆಯ ಹೆಸರಿನಿಂದ ಉಪಕಾರವಾಗಿದೆ. ಮೋರಿಯ ಭಯಕ್ಕೆ ನಾನು ಕೊನೆಗೆ ಡಾಕ್ಟರ ಹತ್ತಿರ ಹೋದೆ, ವಾಸಿಯೂ ಆಯಿತು. ಹಾಗಾಗಿ ಇಲ್ಲಿ ಕೂತಿರುವ ಯಾರಿಗಾದರೂ ನಿದ್ದೆ ಬರದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ದಯವಿಟ್ಟು ನಾಚಿಕೊಳ್ಳಬೇಡಿ. 14416 ಟೆಲಿ ಮಾನಸ್ ನಂಬರ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಸಿಎಚ್‌ಎಸ್ ಎಂಬ ನಮ್ಮ ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯ ಕಾರ್ಡ್ ಬರೀ ಮಂಡಿನೋವಿಗೆ ಅಂತ ಯಾರು ಹೇಳಿದರು?

ಆದರೆ ಅಜ್ಜಿಯ ಮಾತು ಕಾಯಿಲೆಯಲ್ಲ. ಅದನ್ನು ಯಾವ ಮಾತ್ರೆಯೂ ತೆಗೆಯಬಾರದು ಎಂದು ನನ್ನ ಆಸೆ. ಆ ರಸ್ತೆಯ ಮೇಲಿನ ಪ್ರೀತಿಯೂ ಕಾಯಿಲೆಯಲ್ಲ. ಭಯಕ್ಕೆ ಔಷಧ ಬೇಕು. ಇವೆರಡಕ್ಕೆ ಬೇಕಾದದ್ದು ಕೇಳುವ ಒಬ್ಬ ಮನುಷ್ಯ. ಆ ಮನುಷ್ಯ ಸಿಗದಿದ್ದಾಗ ನಮ್ಮವರು ಕ್ಯಾಂಟೀನ್ ರಮ್ಮಿನ ಜೊತೆ ಕೂರುತ್ತಾರೆ. ಊರಿನಲ್ಲಿ ಮಾಜಿ ಸೈನಿಕನ ಹತ್ತಿರ ಜನ ಬರುವುದೇ ಜಾಸ್ತಿ ಅದಕ್ಕೆ, “ಅಣ್ಣಾ, ಕೋಟಾ ಬಂತಾ?” ಅಂತ. ನನ್ನ ಜೊತೆ ನಿವೃತ್ತರಾದವರಲ್ಲಿ ಕೆಲವರು ಹಾಗೇ ಹೋಗಿಬಿಟ್ಟರು. ಅವರು ಜಾಫ್ನಾದಲ್ಲಿ ಸಾಯಲಿಲ್ಲ ಎಂದು ಸರ್ಕಾರದ ಲೆಕ್ಕ. ನಾನು ಅದನ್ನು ಒಪ್ಪುವುದಿಲ್ಲ.

ಹೆಣ್ಣುಮಕ್ಕಳು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ಗಂಡನೋ ಅಪ್ಪನೋ ಮಾತಾಡುವುದಿಲ್ಲ ಎಂದು ಬಹಳ ಜನ ಹೇಳಿದಿರಿ. ಎಷ್ಟು ಜನರನ್ನು ಕೊಂದಿರಿ, ಭಯ ಆಯಿತಾ ಎಂದು ಕೇಳಬೇಡಿ. “ಯಾರ ಜೊತೆ ಇದ್ರಿ?” ಎಂದು ಕೇಳಿ ನೋಡಿ. ಆ ಹತ್ತು ಜನರ ಹೆಸರು, ಯಾರು ಗೊರಕೆ ಹೊಡೆಯುತ್ತಿದ್ದರು, ಯಾರು ಮನೆಯಿಂದ ಉಪ್ಪಿನಕಾಯಿ ತರುತ್ತಿದ್ದರು, ಇಷ್ಟು ಹೇಳುವುದಕ್ಕೆ ಯಾರಿಗೂ ಕಷ್ಟವಿಲ್ಲ. ನಡುವೆ ಒಂದು ಹೆಸರು ಬಂದಾಗ ಮಾತು ನಿಲ್ಲುತ್ತದೆ. ಆಗ ಸುಮ್ಮನಿರಿ. ಎದ್ದು ಹೋಗಬೇಡಿ, ಸಮಾಧಾನವನ್ನೂ ಮಾಡಬೇಡಿ. ನನ್ನ ಮನೆಯಲ್ಲಿ ಸೇಲಂನವನ ಹೆಸರು ಬಂದದ್ದು ಹೀಗೇ, ಕಾರ್ಗಿಲ್ ಮುಗಿದು ಎಷ್ಟೋ ವರ್ಷವಾದ ಮೇಲೆ.

ಇನ್ನು ಎನ್‌ಸಿಸಿ ಮಕ್ಕಳಿಗೆ. ಸೇನೆಗೆ ಹೋಗಬೇಡಿ ಎಂದು ನಾನು ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ಹೋಗಿ. ನನಗೆ ಓದು, ಅನ್ನ, ಜೊತೆಗಾರರು, ಎಲ್ಲ ಕೊಟ್ಟದ್ದು ಅದೇ. ಆದರೆ 2022ರ ನಂತರ ನೀವು ಅಗ್ನಿವೀರರಾಗಿ ಹೋಗುತ್ತೀರಿ. ನಾಲ್ಕು ವರ್ಷ. ನೂರರಲ್ಲಿ ಇಪ್ಪತ್ತೈದು ಜನಕ್ಕೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರು ಇಪ್ಪತ್ತೊಂದು, ಇಪ್ಪತ್ತೈದರ ವಯಸ್ಸಿಗೆ ಊರಿಗೆ ಬರುತ್ತೀರಿ. ಸೇವಾನಿಧಿ ಎಂಬ ಗಂಟು ಸಿಗುತ್ತದೆ. ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಗಡಿಯಲ್ಲಿ ಕಾಣುವುದು ಮಾತ್ರ ನಾವು ಕಂಡದ್ದೇ. ಆ ವಯಸ್ಸಿಗೆ ನಮ್ಮ ಸುತ್ತ ಇನ್ನೂ ರೆಜಿಮೆಂಟ್ ಇತ್ತು, ಬೈಯುವುದಕ್ಕೆ ಉಸ್ತಾದ್ ಇದ್ದರು, ರಾತ್ರಿ ಪಕ್ಕದ ಮಂಚದಲ್ಲಿ ಅದೇ ರಸ್ತೆ ನಡೆದವನು ಮಲಗಿರುತ್ತಿದ್ದ. ನೀವು ನೇರ ಅಮ್ಮನ ಮನೆಗೆ ಬರುತ್ತೀರಿ, ಮಾರನೇ ದಿನ ಎಲ್ಲರೂ ಕೇಳುತ್ತಾರೆ, ಮುಂದೇನಪ್ಪ ಅಂತ.

ಅದಕ್ಕೇ ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ಮಾತು. ನಮ್ಮ ಸದಸ್ಯತ್ವದ ಪುಸ್ತಕದಲ್ಲಿ ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ನಂಬರ್ ಇದ್ದವರ ಹೆಸರು ಮಾತ್ರ ಬರೆಯುತ್ತೇವೆ. ಆ ನಿಯಮ ನಾವೇ ಮಾಡಿಕೊಂಡದ್ದು, ನಾವೇ ತೆಗೆಯಬಹುದು. ಮೊದಲ ತಂಡದ ಅಗ್ನಿವೀರರು ವಾಪಸ್ ಬರುವ ಮುಂಚೆಯೇ ನಮ್ಮ ತಾಲ್ಲೂಕಿನಿಂದ ಹೋದ ಹುಡುಗರ ಮನೆಗಳಿಗೆ ಹೋಗಿ ಹೆಸರು, ಫೋನ್ ನಂಬರ್ ಬರೆದುಕೊಂಡು ಬರೋಣ. ಒಬ್ಬೊಬ್ಬ ಹುಡುಗನಿಗೆ ನಮ್ಮಲ್ಲಿ ಒಬ್ಬರು ಎಂದು ಹಂಚಿಕೊಳ್ಳೋಣ. ಮುಂದಿನ ತಿಂಗಳ ಸಭೆಗೆ ಇದನ್ನು ಮೊದಲನೇ ವಿಷಯವಾಗಿ ಇಡಿ. ಅರಕಲಗೂಡು ಕಡೆಯ ಹಳ್ಳಿಗಳಿಗೆ ನಾನು ಹೋಗುತ್ತೇನೆ.